ಶಿಕ್ಷೆ, ದಂಡ, ತಪ್ಪುಕಾಣಿಕೆ

ದೇವರ ನಡೆಯಲ್ಲಿ ಉದ್ದಂಡ ಬೀಳುವುದಕ್ಕೆ ದಂಡವತ್ ಪ್ರಣಾಮವೆಂದು ಹೆಸರು. ದಂಡವೆಂದರೆ ಕೋಲು, ನೆಲಕ್ಕೆ ಬಿದ್ದ ಕೋಲಿನಂತೆ ಅಡ್ಡಬೀಳುವುದೆಂದು ಅರ್ಥ. ಪಳನಿಯ ಸುಬ್ರಹ್ಮಣ್ಯನು ದಂಡಪಾಣಿ, ಯಮನು ದಂಡಧರ, ಸನ್ಯಾಸಿಗಳ ಕೈಯಲ್ಲಿರುವುದೂ ದಂಡವೇ. ಅದೇ ಮಾತು ಪೇಟೆಗೆ ಇಳಿದರೆ ಕರೆಂಟು ಬಿಲ್ಲು ತಡವಾದುದಕ್ಕೆ ತೆರುವ ಹಣವಾಗುತ್ತದೆ. ಕೊಟ್ಟ ದುಡ್ಡು ಉಪಯೋಗಕ್ಕೆ ಬಾರದಿದ್ದರೆ "ದಂಡವಾಯಿತು" ಎನ್ನುವುದೂ ಉಂಟು. ಅರಸನ ಕೈಯ ಕೋಲು ಅಧಿಕಾರದ ಗುರುತಾಗಿ, ಆ ಅಧಿಕಾರ ಕೊಟ್ಟ ಪೆಟ್ಟಿಗೂ, ಪೆಟ್ಟಿನ ಬದಲು ತೆತ್ತ ಹಣಕ್ಕೂ ಅದೇ ಹೆಸರು ನಿಂತಿತು.

ಶಿಕ್ಷೆ ಎಂಬ ಮಾತಿನ ಹಾದಿ ಬೇರೆ. ಸಂಸ್ಕೃತದಲ್ಲಿ ಅದು ಕಲಿಕೆ. ಆರು ವೇದಾಂಗಗಳಲ್ಲಿ ಮೊದಲನೆಯದು ಶಿಕ್ಷಾ, ಅಂದರೆ ವೇದದ ಉಚ್ಚಾರವನ್ನು ಕಲಿಸುವ ಶಾಸ್ತ್ರ. ತೈತ್ತಿರೀಯೋಪನಿಷತ್ತಿನ ಮೊದಲ ಭಾಗ ಶೀಕ್ಷಾವಲ್ಲಿ. ಹಿಂದಿಯವರಿಗೆ ಇಂದಿಗೂ ಶಿಕ್ಷಾ ಎಂದರೆ ವಿದ್ಯಾಭ್ಯಾಸವೇ. ಕನ್ನಡ, ಮಲಯಾಳ, ತೆಲುಗು, ಮರಾಠಿಗಳಲ್ಲಿ ಮಾತ್ರ ಅದು ಸೆರೆಮನೆಯ ಬಾಗಿಲಿಗೆ ಬಂದು ನಿಂತಿದೆ. ಐಗಳ ಬೆತ್ತದ ರುಚಿ ಕಂಡ ಹಿರಿಯರಿಗೆ ಈ ಎರಡರ ನಂಟನ್ನು ವಿವರಿಸಬೇಕಾದ್ದಿಲ್ಲ.

ಧರ್ಮಶಾಸ್ತ್ರವು ವಾಗ್ದಂಡ, ಧಿಗ್ದಂಡ, ಧನದಂಡ, ವಧದಂಡ ಎಂದು ನಾಲ್ಕು ಬಗೆ ಹೇಳಿದೆ. ಮೊದಲು ಮಾತಿನ ಎಚ್ಚರಿಕೆ, ಆ ಮೇಲೆ ಛೀಮಾರಿ, ಅದಕ್ಕೂ ಬಗ್ಗದಿದ್ದರೆ ಹಣ, ಕಡೆಗೆ ದೇಹದಂಡನೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಉತ್ತಮ ಸಾಹಸದ ದಂಡ 1080 ಪಣ, ಮಧ್ಯಮಕ್ಕೆ 540, ಅಧಮಕ್ಕೆ 270. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿದ್ದವನು. ಸಾಮಾನ್ಯನಿಗೆ ಒಂದು ನಾಣ್ಯ ದಂಡವಾಗುವಲ್ಲಿ ಅರಸನಿಗೆ ಸಾವಿರ ಎಂದು ಮನು ಹೇಳುತ್ತಾನೆ. ಕೇಳಲು ಹಿತವೇ. ಆದರೆ ಒಂದೇ ತಪ್ಪಿಗೆ ಜಾತಿ ನೋಡಿ ಬೇರೆ ಬೇರೆ ಶಿಕ್ಷೆ ವಿಧಿಸಿದ್ದೂ ಅದೇ ಶಾಸ್ತ್ರವೆಂಬುದನ್ನು ಮುಚ್ಚಿಡುವಂತಿಲ್ಲ.

ಕಾಸರಗೋಡು ಸೀಮೆ ಮದ್ರಾಸು ಪ್ರಾಂತದಲ್ಲಿದ್ದಾಗ, 1862ರ ಜನವರಿ 1ರಿಂದ ಭಾರತ ದಂಡ ಸಂಹಿತೆ ಜಾರಿಗೆ ಬಂತು. 1956ರ ನವೆಂಬರ್ 1ರಂದು ಊರು ಕೇರಳಕ್ಕೆ ಸೇರಿ ಕಚೇರಿಯ ಭಾಷೆ ಬದಲಾಯಿತು, ದಂಡ ಸಂಹಿತೆ ಬದಲಾಗಲಿಲ್ಲ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಸರಿನಿಂದ ದಂಡ ಹೋಯಿತು, ಒಳಗೆ ಶಿಕ್ಷೆ ಇದ್ದೇ ಇದೆ. ಮರಣದಂಡನೆ, ಜೀವಾವಧಿ, ಕಠಿಣ ಅಥವಾ ಸಾದಾ ಸಜೆ, ಆಸ್ತಿ ಮುಟ್ಟುಗೋಲು, ಜುಲ್ಮಾನೆ. ಇವುಗಳ ಜತೆಗೆ ಹೊಸದಾಗಿ ಸಮುದಾಯ ಸೇವೆಯೂ ಸೇರಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಸೊತ್ತನ್ನು ಮೊದಲ ಸಲ ಕದ್ದು ಸಿಕ್ಕಿದವನು ಅದನ್ನು ಹಿಂದಿರುಗಿಸಿದರೆ ಅವನಿಗೆ ಸಿಗುವುದು ಈ ಶಿಕ್ಷೆ. ಜಾತ್ರೆಯ ಮುನ್ನಾದಿನ ಬುಟ್ಟಿ ಹೊರುವವರ ಸೇವೆಗೂ ಇದಕ್ಕೂ ಸಂಬಂಧವಿಲ್ಲವೆಂದು ಬೇರೆ ಹೇಳಬೇಕೇ!

ಇನ್ನು ತಪ್ಪುಕಾಣಿಕೆ. ತಪ್ಪು ಮಾಡಿದವನು ದೇವರ ಮುಂದೆ ಒಪ್ಪಿಕೊಂಡು, ಕಾಣಿಕೆ ಹಾಕಿ, ಪ್ರಸಾದ ಪಡೆದು ಮನಸ್ಸು ಹಗುರ ಮಾಡಿಕೊಳ್ಳುವುದು ಈ ಕಡೆಯ ಹಳೆಯ ಕ್ರಮ. ಊರ ಹತ್ತು ಸಮಸ್ತರ ಎದುರು ಎಷ್ಟೋ ಬೇಲಿಯ ಜಗಳಗಳು ಹೀಗೆ ಮುಗಿದಿವೆ. ಆದರೆ ಕಾನೂನಿನ ಕಣ್ಣಿಗೆ ಇದು ದಂಡವಲ್ಲ. ನೆರೆಯವನ ಅಡಿಕೆ ಕೊಯ್ದವನು ಡಬ್ಬಿಗೆ ನೂರು ರೂಪಾಯಿ ಹಾಕಿದ ಮಾತ್ರಕ್ಕೆ ಕಳ್ಳತನದ ಕೇಸು ಮುಗಿಯದು. ರಾಜಿಗೆ ಅಡಿಕೆಯ ಯಜಮಾನನೇ ಒಪ್ಪಬೇಕು. ಹಾಗೆಯೇ ಆಡಳಿತ ಸಮಿತಿಯವರು ಯಾರನ್ನಾದರೂ ಹೆದರಿಸಿ ತಪ್ಪುಕಾಣಿಕೆ ವಸೂಲು ಮಾಡಿದರೆ ಅಪರಾಧ ಸಮಿತಿಯದಾಗುತ್ತದೆ.

ದೇವರ ಹೆಸರಲ್ಲಿ ಹೆದರಿಸುವವರನ್ನೂ ಕಾನೂನು ಮರೆತಿಲ್ಲ. ತಾನು ಏನನ್ನೋ ಮಾಡಿ ನಿನ್ನ ಮೇಲೆ ದೇವರ ಕೋಪ ಬರಿಸುತ್ತೇನೆಂದು ನಂಬಿಸಿ, ಮಾಡಬೇಕಾಗಿಲ್ಲದ ಕೆಲಸವನ್ನು ಮಾಡಿಸುವುದು ಅಪರಾಧ. ಹೀಗೆ ನಂಬಿಸುವ ಉದ್ದೇಶದಿಂದ ಮನೆಬಾಗಿಲಲ್ಲಿ ಧರಣಿ ಕೂರುವುದನ್ನು ಕಾನೂನೇ ಉದಾಹರಣೆಯಾಗಿ ಕೊಟ್ಟಿದೆ. ಹಳೆಯ ಸಂಹಿತೆಯ ಆ 508ನೇ ಕಲಮು ಹೊಸದರಲ್ಲಿ 354 ಆಗಿದೆ. ಶಿಕ್ಷೆ ಮೊದಲಿನಂತೆಯೇ ಒಂದು ವರ್ಷದವರೆಗಿನ ಸಜೆ, ಇಲ್ಲವೆ ಜುಲ್ಮಾನೆ, ಇಲ್ಲವೆ ಎರಡೂ.