ಕೋವೆಂಟ್ ಗಾರ್ಡನ್ನಿನ ಚುನಾವಣೆ: ಜರ್ಮನ್ ಪ್ರವಾಸಿಯೊಬ್ಬನು ಕಂಡಂತೆ

ಒಂದು ದೇಶದ ಚುನಾವಣೆಯನ್ನು ಆ ದೇಶದವರು ಸೋಲುಗೆಲುವುಗಳ ದೃಷ್ಟಿಯಿಂದ ನೋಡುವುದು ಸಹಜ. ಅಲ್ಲಿ ತನ್ನದೆಂಬ ಪಕ್ಷವಿಲ್ಲದ ಪರದೇಶೀಯನ ಕಣ್ಣಿಗೆ ಬೇರೆ ಸಂಗತಿಗಳು ಬೀಳುತ್ತವೆ: ಯಾರು ಯಾರಿಗೆ ತಲೆಬಾಗುತ್ತಾರೆ, ಯಾರು ಯಾರನ್ನು ಏನೆಂದು ಸಂಬೋಧಿಸುತ್ತಾರೆ ಎಂಬುದು. 1782ನೆಯ ಇಸವಿಯಲ್ಲಿ ಲಂಡನ್ನಿಗೆ ಬಂದಿದ್ದ ಜರ್ಮನ್ ಉಪಾಧ್ಯಾಯನೊಬ್ಬನ ಪತ್ರಗಳಲ್ಲಿ ಇಂಥ ನೋಟವೊಂದು ದೊರೆಯುತ್ತದೆ. ಅದನ್ನು ಈ ಹೊತ್ತು ಶ್ರೋತೃಗಳ ಮುಂದಿಡಬೇಕೆಂದಿದ್ದೇನೆ.

ಆತನ ಹೆಸರು ಕಾರ್ಲ್ ಫಿಲಿಪ್ ಮೋರಿಟ್ಸ್. ಬಡವರ ಮನೆಯ ಮಗ. ಹುಡುಗನಾಗಿದ್ದಾಗ ಟೋಪಿ ಮಾಡುವವನೊಬ್ಬನ ಬಳಿ ಕೆಲಸ ಕಲಿಯಲು ಸೇರಿ ಬಹಳ ಕಷ್ಟಪಟ್ಟವನು. ಅನಂತರ ವಿದ್ಯೆಯನ್ನು ಸಂಪಾದಿಸಿ ಬರ್ಲಿನ್ನಿನಲ್ಲಿ ಉಪಾಧ್ಯಾಯನಾದನು. ಇಂಗ್ಲೆಂಡನ್ನು ನೋಡಲು ಬಂದಾಗ ಆತನಿಗೆ 25 ವರ್ಷ ವಯಸ್ಸು. ಆತನ ನಾಡನ್ನು ಆಳುತ್ತಿದ್ದವನು ಫ್ರೆಡರಿಕ್ ಮಹಾರಾಜನು. ರಾಜ್ಯದ ಕಾರ್ಯಗಳಲ್ಲಿ ಪ್ರಜೆಯನ್ನು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಬರ್ಲಿನ್ನಿನ ಜನ ನಿಂತು ನೋಡುತ್ತಿದ್ದುದು ಸೈನಿಕರ ಕವಾಯತನ್ನು.

ಆ ವರ್ಷ ವೆಸ್ಟ್‌ಮಿನ್‌ಸ್ಟರಿನ ಎರಡು ಪಾರ್ಲಿಮೆಂಟು ಸ್ಥಾನಗಳಲ್ಲಿ ಒಂದು ತೆರವಾಗಿತ್ತು. ಅದನ್ನು ಹೊಂದಿದ್ದ ನೌಕಾಧಿಪತಿ ರಾಡ್ನಿಗೆ ಪ್ರಭುಪದವಿ ದೊರೆತಿದ್ದಿತು. ಸರ್ ಸೆಸಿಲ್ ರೇ ಎಂಬಾತನು ಅಭ್ಯರ್ಥಿಯಾದನು. ನೌಕಾಧಿಪತಿ ಹುಡ್ ಎಂಬಾತನ ಪಕ್ಷದವರು ಗೆಲ್ಲುವ ಆಸೆಯಿಲ್ಲವೆಂದು ಹಿಂದೆ ಸರಿದರು. ಆದುದರಿಂದ ಚುನಾವಣೆ ನಿರ್ವಿವಾದವಾಗಿ ನಡೆಯಿತು.

ಸ್ಥಳ ಕೋವೆಂಟ್ ಗಾರ್ಡನ್ ಎಂಬ ಸಂತೆಯ ಮೈದಾನ. ಸಂತ ಪಾಲನ ಹೆಸರಿನ ಇಗರ್ಜಿಯೊಂದರ ಬಾಗಿಲ ಮುಂದೆ ಹಲಗೆಗಳನ್ನು ಹೊಡೆದು ಅಟ್ಟಣೆ ಕಟ್ಟಿ, ಮಾತನಾಡುವವರು ನಿಲ್ಲುವೆಡೆಯಲ್ಲಿ ಚಾಪೆ ಹಾಸಿದ್ದರು. ಕೆಳಗೆ ಸೇರಿದ್ದ ಅಪಾರ ಜನಸಂದಣಿಯಲ್ಲಿ ಹೆಚ್ಚಿನವರು ಕೂಲಿನಾಲಿಯ ಬಡವರು. ಮೇಲೆ ನಿಂತ ಶ್ರೀಮಂತರು ಈ ಜನಕ್ಕೆ ಸೊಂಟ ಬಾಗಿಸಿ ವಂದಿಸಿ, ಮಹನೀಯರೇ ಎಂದು ಸಂಬೋಧಿಸಿದರು. ದೂರಪ್ರಯಾಣದಿಂದಲೂ ಅನಾರೋಗ್ಯದಿಂದಲೂ ತಮ್ಮ ತಮ್ಮ ಮನೆಗೆ ಬಂದು ಕಾಣಲಾಗಲಿಲ್ಲವೆಂದು ಸರ್ ಸೆಸಿಲನು ಅವರ ಕ್ಷಮೆಯನ್ನು ಬೇಡಿದನು. ಆತನು ಬಾಯಿ ತೆರೆದೊಡನೆ ಗದ್ದಲವೆಲ್ಲ ಅಡಗಿತು. ಮುಗಿಸಿದೊಡನೆ ಎಲ್ಲರೂ ಟೋಪಿಗಳನ್ನು ಬೀಸಿ ಜಯಕಾರ ಮಾಡಿದರು. ಮತ್ತೊಬ್ಬನ ಭಾಷಣವನ್ನು ಕೇಳಿ, ಮೋರಿಟ್ಸನ ಪಕ್ಕದಲ್ಲಿದ್ದ ಒಬ್ಬ ಗಾಡಿಯವನು ಈತ ಚೆನ್ನಾಗಿ ಮಾತನಾಡುತ್ತಾನೆಂದು ತೀರ್ಪು ಕೊಟ್ಟನು. ಚಿಕ್ಕ ಹುಡುಗರೂ ದೀಪದ ಕಂಬಗಳಿಗೆ ಹತ್ತಿ ಕುಳಿತು ಗಮನವಿಟ್ಟು ಕೇಳುತ್ತಿದ್ದರು.

ಆಗ ಮಂತ್ರಿಯಾಗಿದ್ದ ಚಾರ್ಲ್ಸ್ ಜೇಮ್ಸ್ ಫಾಕ್ಸನು ಮತದಾರರ ನಡುವೆ ಇದ್ದನು. ಜನರು ಆತನ ಹೆಸರು ಹಿಡಿದು ಕೂಗಿದರು. ನಮ್ಮ ಉಪಾಧ್ಯಾಯನೂ ಕಾರಣ ತಿಳಿಯದೆಯೇ ಅವರೊಡನೆ ಕೂಗಿದನು. ಜನ ಕರೆದರೆಂಬ ಒಂದೇ ಕಾರಣಕ್ಕೆ ಮಂತ್ರಿಯು ಮುಂದೆ ಬಂದು ಮಾತನಾಡಬೇಕಾಯಿತು. ಎಲ್ಲ ಮುಗಿದ ಮೇಲೆ ಜನಸ್ತೋಮವು ಕೆಲವೇ ನಿಮಿಷಗಳಲ್ಲಿ ಅಟ್ಟಣೆಯನ್ನು ಕಿತ್ತೊಗೆದು, ಚಾಪೆಯನ್ನು ಎಳೆಎಳೆಯಾಗಿ ಹರಿದು, ಸಿಕ್ಕಿದವರನ್ನು ಅದರಿಂದ ಸುತ್ತುವರಿದು, ಬೀದಿಬೀದಿಗಳಲ್ಲಿ ಮೆರವಣಿಗೆ ಹೊರಟಿತು.

ಮೋರಿಟ್ಸನು ಮೋಸಹೋದವನಲ್ಲ. ತಾನು ಕಂಡದ್ದು ಸ್ವಾತಂತ್ರ್ಯದ ಛಾಯೆಯೇ ಹೊರತು ಸ್ವಾತಂತ್ರ್ಯವಲ್ಲವೆಂದು ಆತನೇ ಒಪ್ಪುತ್ತಾನೆ. ಆದರೂ ತನ್ನ ಹೃದಯ ಬೆಚ್ಚಗಾಯಿತೆಂದೂ, ಬರ್ಲಿನ್ನಿನ ಕವಾಯತನ್ನು ನೋಡುವಾಗ ಇಂಥ ಭಾವ ಹುಟ್ಟುವುದಿಲ್ಲವೆಂದೂ ಬರೆಯುತ್ತಾನೆ. ಗಾಡಿಯವನೂ ಮನುಷ್ಯನೆಂಬುದನ್ನು ಬಯಲಿನಲ್ಲಿ, ಎಲ್ಲರೆದುರಿಗೆ ಒಪ್ಪಿಕೊಂಡುದನ್ನು ಆತನು ಅಲ್ಲಿ ಕಂಡನು. ಟೋಪಿಯ ಕೆಲಸಕ್ಕಿದ್ದ ಹುಡುಗನಿಗೆ ಇದು ಸಣ್ಣ ಸಂಗತಿಯಲ್ಲ.

ಇದೇ ಇಂಗ್ಲೆಂಡಿನ ಇನ್ನೊಂದು ಮುಖವನ್ನೂ ಆತನು ಕಂಡನು. ಲಂಡನ್ನನ್ನು ಬಿಟ್ಟು ಕಾಲುನಡಗೆಯಲ್ಲಿ ಊರೂರು ತಿರುಗಿದಾಗ, ಗಾಡಿಯಿಲ್ಲದೆ ಬರುವವನು ಭಿಕಾರಿಯೇ ಇರಬೇಕೆಂದು ವಸತಿಗೃಹಗಳವರು ಅಸಡ್ಡೆ ಮಾಡಿದರು. ಆಕ್ಸ್‌ಫರ್ಡಿನ ಸಮೀಪದ ನ್ಯೂನಮ್ ಗ್ರಾಮದಲ್ಲಿ ರಾತ್ರಿ ತಂಗಲು ಎಡೆಯನ್ನೇ ಕೊಡಲಿಲ್ಲ. ಮಹನೀಯರೇ ಎಂಬ ಸಂಬೋಧನೆ ಅಟ್ಟಣೆಯೊಡನೆ ಮುರಿದುಹೋಗಿತ್ತೆನ್ನಬೇಕು.

ಅಂದಿನ ಚುನಾವಣಾಪದ್ಧತಿಯೂ ಹಾಗೆಯೇ ಇದ್ದಿತು. ವೆಸ್ಟ್‌ಮಿನ್‌ಸ್ಟರಿನಲ್ಲಿ ಸುಮಾರು 12,000 ಮತದಾರರಿದ್ದರು. ಇದು ಆ ಕಾಲಕ್ಕೆ ಅಪೂರ್ವವಾದ ಸಂಖ್ಯೆ. ಜನವಸತಿಯೇ ಇಲ್ಲವೆನ್ನಬಹುದಾದ ಓಲ್ಡ್ ಸೇರಮ್ಮಿಗೆ ಇಬ್ಬರು ಪ್ರತಿನಿಧಿಗಳು. ಬೆಳೆಯುತ್ತಿದ್ದ ಮ್ಯಾಂಚೆಸ್ಟರಿಗೆ ಒಬ್ಬನೂ ಇಲ್ಲ. ಓಟನ್ನು ಎಲ್ಲರೆದುರಿಗೆ ಬಾಯಿಬಿಟ್ಟು ಹೇಳಬೇಕಾಗಿದ್ದುದರಿಂದ ಒಡೆಯನ ಕಣ್ಣಿಗೆ ಅಂಜದೆ ಗತಿಯಿರಲಿಲ್ಲ.

ಆದರೆ ಜನರೆದುರಿಗೆ ಬಾಗುವುದು ಸಾಲಪತ್ರಕ್ಕೆ ರುಜು ಹಾಕಿದಂತೆ. ಇಂದಲ್ಲ ನಾಳೆ ಜನ ಅದನ್ನು ಮುಂದೊಡ್ಡಿ ಕೇಳುತ್ತಾರೆ. 1819ರಲ್ಲಿ ಮ್ಯಾಂಚೆಸ್ಟರಿನ ಜನ ಪ್ರಾತಿನಿಧ್ಯವನ್ನು ಕೇಳಲು ನೆರೆದಾಗ ಅವರ ಮೇಲೆ ಕುದುರೆಸವಾರರು ನುಗ್ಗಿ ಜೀವಹಾನಿಯಾಯಿತು. ಅನಂತರ 1832ರಲ್ಲಿಯೂ 1867ರಲ್ಲಿಯೂ ಮತದಾನದ ಹಕ್ಕು ವಿಸ್ತಾರಗೊಂಡಿತು; 1872ರಲ್ಲಿ ಗುಪ್ತಮತದಾನ ಬಂದಿತು; 1918ರಲ್ಲಿ ಸ್ತ್ರೀಯರಲ್ಲಿ ಕೆಲವರಿಗೂ, 1928ರಲ್ಲಿ ಪುರುಷರಿಗೆ ಸಮನಾಗಿ ಸ್ತ್ರೀಯರೆಲ್ಲರಿಗೂ ಹಕ್ಕು ದೊರೆಯಿತು. ಮೋರಿಟ್ಸನು ಕಂಡ ಆ ದಿನದಿಂದ ಎಣಿಸಿದರೆ 146 ವರ್ಷಗಳು.

ಛಾಯೆಯನ್ನು ಕಂಡು ಹಿಗ್ಗಿದನೆಂದು ಆ ಉಪಾಧ್ಯಾಯನನ್ನು ನಗುವುದು ಸುಲಭ. ಆದರೆ ಛಾಯೆಯಾದರೂ ಇದ್ದೆಡೆಯಲ್ಲಿ ವಸ್ತುವನ್ನು ಕೊಡಿರೆಂದು ಕೇಳುವ ಧೈರ್ಯ ಜನಕ್ಕೆ ಬರುತ್ತದೆ. ಭಾಷಣವನ್ನು ಕೇಳಿ ತೀರ್ಪು ಕೊಟ್ಟ ಆ ಗಾಡಿಯವನಿಗೆ ಓಟಿತ್ತೋ ಇಲ್ಲವೋ, ತೀರ್ಪು ಕೊಡುವುದು ತನ್ನ ಕೆಲಸವೆಂದು ಮಾತ್ರ ಅವನು ಆಗಲೇ ತಿಳಿದಿದ್ದನು.