ದಡದಲ್ಲಿ ನಿಂತವರು

ನಮ್ಮ ನಾಡಿನಲ್ಲಿ ವೀರಗಲ್ಲುಗಳಿವೆ, ಮಾಸ್ತಿಕಲ್ಲುಗಳಿವೆ. ಕಾದಿ ಮಡಿದವನಿಗೊಂದು ಕಲ್ಲು. ಗಂಡನ ಚಿತೆಯೇರಿದವಳಿಗೊಂದು ಕಲ್ಲು. ಗಂಡ ಸತ್ತ ಮೇಲೂ ಬದುಕಿ, ದುಡಿದು, ಮಕ್ಕಳನ್ನು ಸಾಕಿದವಳಿಗೆ ಕಲ್ಲು ನೆಟ್ಟುದು ಅಪರೂಪ. ಸ್ಕಾಟ್ಲೆಂಡಿನ ಆಗ್ನೇಯ ಕರಾವಳಿಯ ಐಮೌತ್ ಎಂಬ ಮೀನುಗಾರರ ಊರಿನ ಚರಿತ್ರೆಯನ್ನು ಓದುವಾಗ ಈ ಮಾತು ಮನಸ್ಸಿಗೆ ಬಾರದಿರದು.

1881ರ ಅಕ್ಟೋಬರ್ 14, ಶುಕ್ರವಾರ. ಕೆಟ್ಟ ಹವೆಯ ದೆಸೆಯಿಂದ ಕೆಲವು ದಿನಗಳಿಂದ ದೋಣಿಗಳು ಕಡಲಿಗಿಳಿದಿರಲಿಲ್ಲ. ಅಂದಿನ ಬೆಳಗು ತಿಳಿಯಾಗಿತ್ತು. ವಾಯುಭಾರಮಾಪಕದ ಪಾದರಸ ಮಾತ್ರ ತೀರ ಕೆಳಗಿತ್ತು. ಆದರೆ ಮನೆಯ ಒಲೆ ಉರಿಯಬೇಕಲ್ಲ! ದೋಣಿಗಳು ಹೊರಟವು. ನಡುಹಗಲಿನ ಹೊತ್ತಿಗೆ ಬಾನು ಕಪ್ಪಿಟ್ಟು ಬಿರುಗಾಳಿ ಎದ್ದಿತು. ಬಂದರಕ್ಕೆ ಧಾವಿಸಿದ ದೋಣಿಗಳಲ್ಲಿ ಕೆಲವು ಅದರ ಬಾಯಿಯಲ್ಲಿರುವ ಹರ್ಕರ್ ಬಂಡೆಗಳಿಗೆ ಬಡಿದು, ದಡದಲ್ಲಿ ನಿಂತ ಹೆಂಡಿರು ಮಕ್ಕಳ ಕಣ್ಣೆದುರಿಗೇ ಒಡೆದುಹೋದವು. ಅಂದು ಸತ್ತವರು ಒಟ್ಟು 189 ಮಂದಿ. ಐಮೌತ್ ಒಂದರವರೇ 129. ತೆರೆದ ಕಡಲಿನಲ್ಲಿಯೇ ಗಾಳಿಯನ್ನು ತಾಳಿ ನಿಂತ ‘ಏರಿಯಲ್ ಗಜೆಲ್’ ಎಂಬ ದೋಣಿ ಭಾನುವಾರ ಹಿಂದಿರುಗಿತು. ಆಸರೆಯಾಗಬೇಕಾದ ಬಂದರವೇ ಅಂದು ಅಪಾಯದ ತಾಣವಾಗಿತ್ತು. ಅದನ್ನು ಸುಧಾರಿಸಬೇಕೆಂಬ ಕೂಗು ಹಳೆಯದು. ಕೆಲಸ ಮಾತ್ರ ಆಗಿರಲಿಲ್ಲ.

ದಡದಲ್ಲಿ ನಿಂತ ಹೆಂಗಸರು ಬರಿಯ ಪ್ರೇಕ್ಷಕರಾಗಿರಲಿಲ್ಲ. ಚಿಪ್ಪುಮೀನು ಬಿಡಿಸಿ, ಉದ್ದನೆಯ ಗಾಳದ ಹಗ್ಗಗಳ ಒಂದೊಂದು ಕೊಕ್ಕೆಗೂ ಎರೆ ಸಿಕ್ಕಿಸುತ್ತಿದ್ದವರು ಅವರು. ಮೀನನ್ನು ಹಸನುಮಾಡಿ ಬುಟ್ಟಿಯಲ್ಲಿ ಹೊತ್ತವರೂ ಅವರೇ. ಗಂಡಸು ಮುಳುಗಿದಾಗ ಅವರ ಪಾಲಿಗೆ ಮುಳುಗಿದ್ದು ಇಬ್ಬರೂ ಕೂಡಿ ಮಾಡುತ್ತಿದ್ದ ಒಂದು ಕಸಬು.

ಊರಿನ ಹಳೆಯ ಸ್ಮಶಾನದಲ್ಲಿ ಮಡಿದವರ ನೆನಪಿಗೆ ನಿಂತಿರುವುದು ಮುರಿದ ಪಟಸ್ತಂಭದ ಆಕಾರದ ಕಲ್ಲು. ಅದು ಕಡಲಿಗೆ ಹೋದವರ ಗುರುತು. ಶತಮಾನ ತುಂಬಿದ 1981ರಲ್ಲಿ ಊರಿನ ಹೆಂಗಸರೇ ಸೂಜಿ ಹಿಡಿದರು. ಇಪ್ಪತ್ತನಾಲ್ಕು ಮಂದಿ ಕೂಡಿ ಹೊಲಿದ ದೊಡ್ಡ ಚಿತ್ರವಸ್ತ್ರ ಅಲ್ಲಿಯ ವಸ್ತುಸಂಗ್ರಹಾಲಯವನ್ನು ಸೇರಿತು. ಹಗ್ಗಕ್ಕೆ ಎರೆ ಕಟ್ಟಿದ ಅಜ್ಜಿಯರ ದುಃಖವನ್ನು ಹೇಳಲು ಇದಕ್ಕಿಂತ ಸಹಜವಾದ ಕಲೆ ಇನ್ನಾವುದಿದ್ದೀತು?

ಆಮೇಲೆ 2016ರಲ್ಲಿ, ಶಿಲ್ಪಿ ಜಿಲ್ ವಾಟ್ಸನ್ ರೂಪಿಸಿದ ಕಂಚಿನ ಶಿಲ್ಪವೊಂದು ಕಡಲ ದಂಡೆಗೆ ಬಂದಿತು. ಅದರಲ್ಲಿ ಮುಳುಗಿದ ಗಂಡಸರಿಲ್ಲ. ವಿಧವೆಯರೂ ಮಕ್ಕಳೂ ಸಣ್ಣ ಸಣ್ಣ ಮೂರ್ತಿಗಳಾಗಿ ಸಾಲುಗಟ್ಟಿ ಕಡಲಿನತ್ತ ನೋಡುತ್ತಿದ್ದಾರೆ. ಉಳಿದವರಿಗೂ ಒಂದು ಸ್ಮಾರಕ ಸಲ್ಲಬೇಕೆಂದು ತಿಳಿಯಲು ಆ ಊರಿಗೆ ನೂರಮೂವತ್ತೈದು ವರುಷ ಹಿಡಿಯಿತು. ನಾವು ಇನ್ನೂ ಲೆಕ್ಕ ಹಾಕಲು ತೊಡಗಿಲ್ಲ.