ಸಿಗಡಿ ಸಾಕಣೆಯಲ್ಲಿ ಜೀನ್ ಮೌನ: ಬಿಳಿಚುಕ್ಕೆ ವೈರಸ್ಸಿಗೆ ಎರಡೆಳೆ ಆರ್‌ಎನ್‌ಎ ತಡೆ

ಸಾಕಣೆ ಸಿಗಡಿಯನ್ನು ಕಾಡುವ ವೈರಸ್ ರೋಗಗಳಲ್ಲಿ ಬಿಳಿಚುಕ್ಕೆ ರೋಗ ಅತಿ ಘೋರವಾದುದು. 1990ರ ದಶಕದ ಆರಂಭದಲ್ಲಿ ಪೂರ್ವ ಏಷ್ಯಾದಲ್ಲಿ ತಲೆದೋರಿದ ಇದು 1994ರ ಹೊತ್ತಿಗೆ ಭಾರತದ ಕರಾವಳಿಯ ಹೊಂಡಗಳನ್ನೂ ಹೊಕ್ಕಿತು. ಸೋಂಕು ಹತ್ತಿದ ಹೊಂಡದ ಸಿಗಡಿಗಳೆಲ್ಲ 3ರಿಂದ 10 ದಿನಗಳೊಳಗೆ ಸತ್ತುಹೋಗುವುದುಂಟು. ಸಿಗಡಿಯ ದೇಹ ಪ್ರತಿಕಾಯಗಳನ್ನು ತಯಾರಿಸದು; ಹಾಗಾಗಿ ಕೋಳಿಗೋ ದನಕ್ಕೋ ಹಾಕುವ ಬಗೆಯ ಲಸಿಕೆಯ ತರ್ಕ ಇಲ್ಲಿ ನಡೆಯುವುದಿಲ್ಲ.

ಜೀನನ್ನು ಮೌನಗೊಳಿಸುವ ವಿಧಾನದತ್ತ ಸಂಶೋಧಕರು ಹೊರಳಿದ್ದು ಇದೇ ಕಾರಣಕ್ಕೆ. ಎರಡೆಳೆ ಆರ್‌ಎನ್‌ಎ ತನಗೆ ಹೊಂದುವ ಜೀನಿನ ಬಾಯಿ ಕಟ್ಟುತ್ತದೆಂದು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ದುಂಡುಹುಳುವಿನಲ್ಲಿ ತೋರಿಸಿದರು. 2006ರ ನೊಬೆಲ್ ಸಂದದ್ದು ಈ ಶೋಧಕ್ಕೇ. ಜೀವಕೋಶದೊಳಗೆ ಡೈಸರ್ ಎಂಬ ಕಿಣ್ವ ಈ ಎಳೆಯನ್ನು 21–23 ನ್ಯೂಕ್ಲಿಯೊಟೈಡ್‌ಗಳ ತುಣುಕುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಪ್ರೊಟೀನು ಆ ತುಣುಕನ್ನು ಗುರುತಿನ ಚೀಟಿಯಂತೆ ಹಿಡಿದು, ಅದಕ್ಕೆ ಹೊಂದುವ ದೂತ ಆರ್‌ಎನ್‌ಎಯನ್ನು ಹುಡುಕಿ ತುಂಡರಿಸುತ್ತದೆ. ಬಿಳಿಚುಕ್ಕೆ ವೈರಸ್ಸಿನದು ಡಿಎನ್‌ಎ ಜೀನೋಮ್ ಆದರೂ ಪ್ರೊಟೀನು ಕಟ್ಟಲು ಅದಕ್ಕೂ ದೂತ ಆರ್‌ಎನ್‌ಎ ಬೇಕೇ ಬೇಕು. ಪೆಟ್ಟು ಬೀಳುವುದು ಅಲ್ಲಿಗೆ.

ಹೆಚ್ಚಾಗಿ ಗುರಿಯಾದದ್ದು ವೈರಸ್ಸಿನ ಹೊರಪೊರೆಯ ವಿಪಿ28 ಪ್ರೊಟೀನಿನ ಜೀನ್. ಅದರ ಎರಡೆಳೆ ಆರ್‌ಎನ್‌ಎ ಚುಚ್ಚಿಸಿಕೊಂಡ ಸಿಗಡಿಗಳು ಪ್ರಯೋಗಾಲಯದ ಸೋಂಕಿನಲ್ಲಿ ಬಹುಸಂಖ್ಯೆಯಲ್ಲಿ ಬದುಕಿವೆ. ಥಾಯ್ಲೆಂಡಿನ ಸಂಶೋಧಕರು ವೈರಸ್ಸನ್ನು ಬಿಟ್ಟು, ಅದಕ್ಕೆ ನೆರವಾಗುವ ಸಿಗಡಿಯದೇ ರ‍್ಯಾಬ್7 ಜೀನನ್ನು ಅಡಗಿಸಿಯೂ ರಕ್ಷಣೆ ಪಡೆದರು. ಆದರೆ ಕೋಶದೊಳಗಿನ ಸಾಗಾಟಕ್ಕೆ ಬೇಕಾದ ಜೀನದು. ಅದನ್ನು ಬಹುಕಾಲ ಅಡಗಿಸುವುದು ಜಾಣತನವೆನಿಸದು.

ಈ ಫಲಿತಾಂಶಗಳನ್ನು ಓದುವಾಗ ಒಂದು ಎಚ್ಚರ ಬೇಕು. ವೈರಸ್ಸಿಗೆ ಸಂಬಂಧವೇ ಇಲ್ಲದ ಎರಡೆಳೆ ಆರ್‌ಎನ್‌ಎ ಕೂಡ ಸಿಗಡಿಗೆ ಅಷ್ಟಿಷ್ಟು ರಕ್ಷಣೆ ಕೊಡುತ್ತದೆಂಬುದು 2004ರಲ್ಲೇ ವರದಿಯಾಗಿದೆ. ಬರೀ ಉಪ್ಪುನೀರು ಚುಚ್ಚಿದ ಗುಂಪಿನೊಡನೆ ಹೋಲಿಸಿ ಯಶಸ್ಸು ಸಾರುವ ಪ್ರಯೋಗ, ರಕ್ಷಣೆ ಜೀನ್ ಮೌನದಿಂದಲೇ ಬಂತೆಂದು ಸಾಬೀತುಪಡಿಸುವುದಿಲ್ಲ. ಸಂಬಂಧವಿಲ್ಲದ ಎಳೆ ಪಡೆದ ಗುಂಪೂ ಜೊತೆಗಿರಬೇಕು.

ನಿಜವಾದ ತೊಡಕಿರುವುದು ಒದಗಿಸುವ ದಾರಿಯಲ್ಲಿ. ಲಕ್ಷಗಟ್ಟಲೆ ಮರಿಗಳಿಗೆ ಸೂಜಿ ಚುಚ್ಚುವಂತಿಲ್ಲ. ಆರ್‌ಎನ್‌ಎ ಒಡೆಯುವ ಕಿಣ್ವವೊಂದು ಇಲ್ಲದ ಎಚ್‌ಟಿ115 ಎಂಬ ಇ. ಕೋಲೈ ತಳಿಯಲ್ಲಿ ಎರಡೆಳೆಯನ್ನು ಅಗ್ಗವಾಗಿ ಬೆಳೆಸಿ ಮೇವಿಗೆ ಬೆರೆಸಬಹುದು. ಕೈಟೊಸಾನ್ ಕಣಗಳಲ್ಲಿ ಅಡಗಿಸಿಯೂ ಉಣಿಸಲಾಗಿದೆ. ಆದರೂ ನೀರಿನಲ್ಲಿ, ಕರುಳಿನಲ್ಲಿ ಎಳೆ ಬೇಗ ಒಡೆಯುತ್ತದೆ. ರಕ್ಷಣೆ ಕ್ರಮೇಣ ಕುಂದುತ್ತದೆ; ಬೆಳೆಯ ಅವಧಿಯೋ ಮೂರು–ನಾಲ್ಕು ತಿಂಗಳು. ಅಘನಾಶಿನಿ ಅಳಿವೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಂತೂ ಸಿಗಡಿ ಭರತದ ನೀರಿನೊಂದಿಗೆ ಬಂದು ಅಲ್ಲಿನ ಸಹಜ ಆಹಾರವನ್ನೇ ತಿಂದು ಬೆಳೆಯುವುದರಿಂದ ಮೇವಿನ ಮದ್ದು ಅದರ ಬಾಯಿಗೆ ತಲುಪುವುದೇ ಕಷ್ಟ.

ರೈತರ ಮಟ್ಟಿಗೆ ಸದ್ಯ ಹೊಂಡದ ಕಾವಲು ಹಳೆಯದೇ: ಪಿಸಿಆರ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮರಿ, ಕ್ಲೋರಿನ್ ಹಾಕಿದ ನೀರು, ಏಡಿ ನುಸುಳದಂತೆ ಕಟ್ಟಿದ ಬಲೆಬೇಲಿ.